ಕ್ರಿಪ್ಟೋಸ್: ವಾರಸುದಾರರಿಲ್ಲದ ಸದ್ದಿಗೆ ಕಾಲು ಶತಮಾನ

ಜರ್ಮನಿಯ ಉತ್ತರಕ್ಕೆ ವಾಕೆನ್ ಅಂತ ಒಂದು ಹಳ್ಳಿ ಇದೆ. ಜನಸಂಖ್ಯೆ ಎರಡು ಸಾವಿರದ ಆಸುಪಾಸು. ದನ, ಹುಲ್ಲುಗಾವಲು, ಹಾಲಿನ ವ್ಯವಹಾರ. 1990ರಲ್ಲಿ ಆ ಊರಿನ ಇಬ್ಬರು ಹುಡುಗರು ಜಲ್ಲಿ ತೆಗೆದು ಬಿಟ್ಟಿದ್ದ ಹೊಂಡವೊಂದರಲ್ಲಿ ಸಂಗೀತ ಕಾರ್ಯಕ್ರಮ ಮಾಡಿದರು. ಬಂದವರು ಸುಮಾರು 800 ಮಂದಿ. ಈಗ ಪ್ರತಿ ವರ್ಷ ಆಗಸ್ಟ್ ಸುಮಾರಿಗೆ, ನಮ್ಮಲ್ಲಿ ಆಸಾಡಿ ಮುಗಿಯುವ ಹೊತ್ತಿಗೆ, ಅದೇ ಊರಿನ ಗದ್ದೆಗಳಲ್ಲಿ 80 ಸಾವಿರದಷ್ಟು ಜನ ಕೆಸರು ತುಳಿದುಕೊಂಡು ನಿಲ್ಲುತ್ತಾರೆ. ಹೆವಿ ಮೆಟಲ್ ಜಗತ್ತಿನ ದೊಡ್ಡ ಜಾತ್ರೆ ಅದು: ವಾಕೆನ್ ಓಪನ್ ಏರ್.

2013ರಲ್ಲಿ ಆ ಜಾತ್ರೆಯ ವೇದಿಕೆ ಹತ್ತಿದ ಬ್ಯಾಂಡ್‌ಗಳಲ್ಲಿ ಒಂದು ಬೆಂಗಳೂರಿನದು. ಹೆಸರು ಕ್ರಿಪ್ಟೋಸ್.

ಈ ಸುದ್ದಿಯನ್ನು ನೀವು ಆಗ ಕನ್ನಡದಲ್ಲಿ ಓದಿದ ನೆನಪಿದೆಯೇ? ನನಗಿಲ್ಲ. ಕರ್ನಾಟಕದ ಕ್ರಿಕೆಟಿಗ ಕೌಂಟಿ ಆಡಿದರೆ ಸುದ್ದಿ, ಕನ್ನಡದ ಸಿನಿಮಾ ದುಬೈಯಲ್ಲಿ ಒಂದು ಶೋ ಕಂಡರೂ ಸುದ್ದಿ. 1998ರಿಂದ ನಿಲ್ಲದೆ ನುಡಿಸುತ್ತಾ ಬಂದ, ಏಳು ಆಲ್ಬಂ ತಂದ, ಯುರೋಪನ್ನು ಮತ್ತೆ ಮತ್ತೆ ಸುತ್ತಿದ ಒಂದು ತಂಡದ ಕಥೆಯನ್ನು ಮಾತ್ರ ಕನ್ನಡದಲ್ಲಿ ಹುಡುಕಬೇಕು. ಅದಕ್ಕೇ ಈ ಬರಹ. ಇದು ಅಭಿಮಾನಿಯ ಹೊಗಳಿಕೆಯಲ್ಲ. ಈ ಬ್ಯಾಂಡಿನ ಇತಿಹಾಸದ ಜೊತೆಗೆ ನಮ್ಮ ರಾಜ್ಯದಲ್ಲಿ ಸದ್ದು ಮಾಡುವ ಹಕ್ಕು ಯಾರಿಗಿದೆ, ಯಾವ ಕಲೆಗೆ ವಾರಸುದಾರರಿದ್ದಾರೆ, ಯಾವುದಕ್ಕಿಲ್ಲ ಎಂಬ ಪ್ರಶ್ನೆಯೂ ಬಂದೇ ಬರುತ್ತದೆ.

ಮೊದಲು, ಹೆವಿ ಮೆಟಲ್ ಅಂದ್ರೆ ಏನು?

ನಾನು ಬ್ರಹ್ಮಾವರದವ. ನಮ್ಮೂರಿನ ಸುತ್ತ ಹಾರಾಡಿ, ಮಟಪಾಡಿ. ಬಡಗುತಿಟ್ಟು ಯಕ್ಷಗಾನದ ಎರಡು ಮಟ್ಟುಗಳಿಗೆ ಹೆಸರು ಕೊಟ್ಟ ಊರುಗಳು. ಮೊದಲ ಸಲ ಕ್ರಿಪ್ಟೋಸ್ ಹಾಡನ್ನು ಮನೆಯಲ್ಲಿ ಸ್ಪೀಕರ್‌ಗೆ ಹಾಕಿದಾಗ, ಒಂದು ಆಟವನ್ನೂ ತಪ್ಪಿಸದ ನನ್ನ ಮಾವ ಒಳಗೆ ಬಂದು, "ಹ್ವಾಯ್, ಎಂತ ಮಾರಾಯಾ ಇದ್? ಬರೀ ಬೊಬ್ಬೆ!" ಅಂದರು. ಎರಡು ನಿಮಿಷ ನಿಂತು ಕೇಳಿದರು. ಆಮೇಲೆ ಹೊರಡುವಾಗ, "ಚಂಡಿ ಪೆಟ್ಟ್ ಹಾಂಗೇ ಇತ್ತ್ ಕಾಣ್" ಅಂತಲೂ ಸೇರಿಸಿದರು.

ಮೆಟಲ್‌ಗೂ ಯಕ್ಷಗಾನಕ್ಕೂ ನಂಟು ಕಟ್ಟುವ ಆಸೆ ನನಗಿಲ್ಲ; ಎರಡರ ವ್ಯಾಕರಣವೇ ಬೇರೆ. ಆದರೆ ಮಾವ ಹಿಡಿದದ್ದು ಸುಳ್ಳಲ್ಲ. ಸದ್ದಿನ ತೂಕವೇ ಇಲ್ಲಿ ಅರ್ಥದ ಒಂದು ಭಾಗ. ಹೆವಿ ಮೆಟಲ್‌ನಲ್ಲಿ ಎಲೆಕ್ಟ್ರಿಕ್ ಗಿಟಾರಿನ ಸ್ವರವನ್ನು ಬೇಕೆಂದೇ ಒರಟು ಮಾಡಲಾಗುತ್ತದೆ. ಇದಕ್ಕೆ ಡಿಸ್ಟಾರ್ಷನ್ ಅನ್ನುತ್ತಾರೆ. ಚಿಕ್ಕ, ಗಟ್ಟಿ ಸ್ವರಗುಚ್ಛವೊಂದು ಮತ್ತೆ ಮತ್ತೆ ಬರುತ್ತದೆ, ಅದು ರಿಫ್. ಹಾಡಿನ ಬೆನ್ನೆಲುಬು ಪಲ್ಲವಿಯಲ್ಲ, ಈ ರಿಫ್.

ಇದು ಹುಟ್ಟಿದ್ದು ಇಂಗ್ಲೆಂಡಿನ ಕಾರ್ಖಾನೆ ನಗರ ಬರ್ಮಿಂಗ್‌ಹ್ಯಾಮ್‌ನಲ್ಲಿ. ಅಲ್ಲಿನ ಟೋನಿ ಅಯೋಮಿ ಎಂಬ 17ರ ಹುಡುಗ ಲೋಹದ ಹಾಳೆ ಕತ್ತರಿಸುವ ಕಾರ್ಖಾನೆಯಲ್ಲಿ ದುಡಿಯುತ್ತಿದ್ದಾಗ ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳ ತುದಿ ಹೋಯಿತು. ಎಡಗೈ ಅಭ್ಯಾಸದವನಾದ್ದರಿಂದ ಅವನು ತಂತಿ ಒತ್ತುತ್ತಿದ್ದದ್ದು ಅದೇ ಕೈಯಲ್ಲಿ. ಪ್ಲಾಸ್ಟಿಕ್ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡ, ನೋವು ಕಡಿಮೆಯಾಗಲೆಂದು ಹಗುರ ತಂತಿ ಹಾಕಿದ, ಮುಂದೆ ತಂತಿಯ ಬಿಗಿಯನ್ನೂ ಸಡಿಲಿಸಿದ. ಹಾಗೆ ಬಂದ ಭಾರವಾದ, ಕತ್ತಲ ಸದ್ದೇ 1970ರಲ್ಲಿ ಬ್ಲ್ಯಾಕ್ ಸಬ್ಬತ್ ಬ್ಯಾಂಡಿನ ಮೊದಲ ಆಲ್ಬಂ ಆಗಿ ಹೊರಬಂತು. ಆ ಬ್ಯಾಂಡಿನ ಗಾಯಕ ಆಝಿ ಆಸ್ಬಾರ್ನ್ 2025ರ ಜುಲೈ 5ರಂದು ತನ್ನೂರಲ್ಲೇ ಕೊನೆಯ ಕಾರ್ಯಕ್ರಮ ಕೊಟ್ಟು, 17 ದಿನಕ್ಕೆ ತೀರಿಕೊಂಡ.

ಅಂದರೆ ಮೆಟಲ್ ಹುಟ್ಟಿನಲ್ಲಿ ಕಾರ್ಮಿಕರ ಕೇರಿಯ ಸಂಗೀತ. ಇದನ್ನು ನೆನಪಿಟ್ಟುಕೊಳ್ಳಿ. ಬೆಂಗಳೂರಿಗೆ ಬರುವಾಗ ಈ ಕಥೆ ತಿರುವುಮುರುವಾಗುತ್ತದೆ.

1998: ಒಂದು ಕ್ಯಾಸೆಟ್ ನಗರ

ಕ್ರಿಪ್ಟೋಸ್ ಬೆಂಗಳೂರಿನಲ್ಲಿ ಶುರುವಾದದ್ದು 1998ರಲ್ಲಿ. ಕಟ್ಟಿದವರು ಗಿಟಾರ್ ವಾದಕ ನೋಲನ್ ಲೂಯಿಸ್ ಮತ್ತು ಬೇಸ್ ವಾದಕ ಗಣೇಶ್ ಕೃಷ್ಣಸ್ವಾಮಿ. ಹೆಸರು ಗ್ರೀಕ್ ಭಾಷೆಯದು. ಅರ್ಥ, ಮುಚ್ಚಿಟ್ಟದ್ದು, ಗುಪ್ತವಾದದ್ದು.

ಅವರು ಖಾಲಿ ನೆಲದ ಮೇಲೆ ಕಟ್ಟಲಿಲ್ಲ. 80ರ ದಶಕದ ಕೊನೆಯಿಂದಲೇ ಬೆಂಗಳೂರಲ್ಲಿ ಮಿಲೇನಿಯಂ ಎಂಬ ಬ್ಯಾಂಡ್ ಇತ್ತು. 90ರ ದಶಕದ ಆರಂಭದಲ್ಲಿ ಡೈಯಿಂಗ್ ಎಂಬ್ರೇಸ್ ಬಂತು. ಭಾರತದಲ್ಲಿ ಡೂಮ್ ಮತ್ತು ಡೆತ್ ಮೆಟಲ್ ಬಗೆಯನ್ನು ನುಡಿಸಿದ ಮೊದಲಿಗರಲ್ಲಿ ಅದೂ ಒಂದು. ಕಂಟೋನ್ಮೆಂಟ್ ಕಡೆಯ ಇಂಗ್ಲಿಷ್ ಶಾಲೆಗಳು, ಚರ್ಚಿನ ಗಿಟಾರ್, ಬ್ರಿಗೇಡ್ ರಸ್ತೆಯ ಕ್ಯಾಸೆಟ್ ಅಂಗಡಿ, ಕಾಲೇಜು ಫೆಸ್ಟಿನ ರಾಕ್ ಸ್ಪರ್ಧೆ: ಇದು ಅಂದಿನ ದಾರಿ. ಒಬ್ಬರ ಬಳಿ ವಿದೇಶದಿಂದ ಬಂದ ಒಂದು ಕ್ಯಾಸೆಟ್ ಇದ್ದರೆ ಹತ್ತು ಜನ ಖಾಲಿ ಕ್ಯಾಸೆಟ್ ತಂದು ನಕಲು ಮಾಡಿಕೊಳ್ಳುತ್ತಿದ್ದರು. 1993ರಲ್ಲಿ ಅಲಹಾಬಾದಿನಿಂದ ಅಮಿತ್ ಸೈಗಲ್ ಶುರುಮಾಡಿದ 'ರಾಕ್ ಸ್ಟ್ರೀಟ್ ಜರ್ನಲ್' ಪತ್ರಿಕೆ ದೇಶದ ಊರೂರಿನ ಬ್ಯಾಂಡ್‌ಗಳಿಗೆ ಪರಸ್ಪರ ಪರಿಚಯ ಮಾಡಿಸಿತು. 1996ರಿಂದ ಬೆಂಗಳೂರಿನಲ್ಲಿ ಆಗಸ್ಟ್ 15ರ ಸುತ್ತ ನಡೆದುಕೊಂಡು ಬಂದ 'ಫ್ರೀಡಂ ಜಾಮ್' ಟಿಕೆಟ್ ಇಲ್ಲದೆ ಕೇಳಬಹುದಾದ, ಸ್ವಂತ ಹಾಡು ನುಡಿಸಬಹುದಾದ ವೇದಿಕೆಯಾಯಿತು.

'ಸ್ವಂತ ಹಾಡು' ಎಂಬ ಮಾತಿಗೆ ಒತ್ತು ಕೊಡುತ್ತಿದ್ದೇನೆ. ಅಂದಿನ ಪಬ್‌ಗಳಿಗೂ ಕಾಲೇಜುಗಳಿಗೂ ಬೇಕಿದ್ದದ್ದು ಅಮೆರಿಕ, ಇಂಗ್ಲೆಂಡಿನ ಹಿಟ್ ಹಾಡುಗಳ ನಕಲು. ಅದನ್ನು ಚೆನ್ನಾಗಿ ಮಾಡಿದರೆ ಊಟ, ಸಂಭಾವನೆ ಎರಡೂ ಇತ್ತು. ಸ್ವಂತದ್ದು ನುಡಿಸುತ್ತೇವೆ ಅಂದರೆ ಎದುರಿಗೆ ಕೂತವರು ಎದ್ದು ಹೋಗುವ ಅಪಾಯ. ಕ್ರಿಪ್ಟೋಸ್ ಆ ಅಪಾಯವನ್ನೇ ಆರಿಸಿಕೊಂಡ ಪೀಳಿಗೆಯ ಬ್ಯಾಂಡ್.

2004–2008: ಮೊದಲ ಎರಡು ಆಲ್ಬಂ

ಮೊದಲ ಆಲ್ಬಂ 'ಸ್ಪೈರಲ್ ಅಸೆಂಟ್' ಬಂದದ್ದು 2004ರಲ್ಲಿ, ಬ್ಯಾಂಡ್ ಹುಟ್ಟಿ ಆರು ವರ್ಷಕ್ಕೆ. ಎರಡನೆಯದು 'ದಿ ಆರ್ಕ್ ಆಫ್ ಜೆಮಿನೈ', 2008ರಲ್ಲಿ. ಈ ಎರಡರಲ್ಲೂ ಹಾಡುಗಳು ಉದ್ದ, ತಿರುವುಗಳು ಜಾಸ್ತಿ. ಒಂದೇ ಹಾಡಿನಲ್ಲಿ ನಾಲ್ಕು ಹಾಡಿನ ಸರಕು ತುಂಬಿದ ಹಾಗೆ. ಇಬ್ಬರು ಗಿಟಾರ್ ವಾದಕರು ಒಂದೇ ರಾಗದ ಎಳೆಯನ್ನು ಎರಡು ಸ್ವರ ಮಟ್ಟದಲ್ಲಿ ಜೊತೆಯಾಗಿ ನುಡಿಸುವ, ಐರನ್ ಮೇಡನ್ ಪ್ರಸಿದ್ಧಗೊಳಿಸಿದ ಕ್ರಮವನ್ನು ಇವರು ಒಲಿಸಿಕೊಂಡಿದ್ದರು. ಕೊರಳು ಮಾತ್ರ ಮೇಡನ್ ತರಹದ ತಾರಸ್ಥಾಯಿಯದಲ್ಲ. ಕೆರೆದಂತಹ, ಗೊಗ್ಗರು ಕೊರಳು.

ಈ ಎರಡು ಆಲ್ಬಂಗಳ ನಡುವೆ ಬೆಂಗಳೂರಿನಲ್ಲಿ ಒಂದು ದೊಡ್ಡ ಸಂಗತಿ ನಡೆಯಿತು. 2007ರ ಮಾರ್ಚ್ 17ರಂದು ಅರಮನೆ ಮೈದಾನಕ್ಕೆ ಐರನ್ ಮೇಡನ್ ಬಂತು. ಅದು ಅವರು ಭಾರತದಲ್ಲಿ ಕೊಟ್ಟ ಮೊದಲ ಕಾರ್ಯಕ್ರಮ. ಈಶಾನ್ಯ ರಾಜ್ಯಗಳಿಂದ ದಿನಗಟ್ಟಲೆ ರೈಲಿನಲ್ಲಿ ಕೂತು ಬಂದ ಹುಡುಗರು ಆ ಜನಸಾಗರದಲ್ಲಿದ್ದರು. 2008ರಲ್ಲಿ ಮೆಗಾಡೆತ್ ಬಂತು, 2009ರಲ್ಲಿ ಮೇಡನ್ ಮತ್ತೊಮ್ಮೆ, 2011ರ ಅಕ್ಟೋಬರ್ 30ರಂದು ಮೆಟಾಲಿಕಾ. ದೆಹಲಿ ಪಕ್ಕದ ಗುರುಗ್ರಾಮದಲ್ಲಿ ಮೆಟಾಲಿಕಾ ಕಾರ್ಯಕ್ರಮ ಗೊಂದಲದಲ್ಲಿ ರದ್ದಾಗಿ ಎರಡೇ ದಿನಕ್ಕೆ ಬೆಂಗಳೂರಲ್ಲಿ ಅದು ಸುಸೂತ್ರ ನಡೆದುಹೋಯಿತು. ಬೆಂಗಳೂರಿಗೆ ದೇಶದ ಮೆಟಲ್ ರಾಜಧಾನಿ ಎಂಬ ಹೆಸರು ಗಟ್ಟಿಯಾದದ್ದು ಆಗಲೇ.

ಇಲ್ಲೊಂದು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ಅದೇ ಅರಮನೆ ಮೈದಾನದಲ್ಲಿ 2005ರಲ್ಲಿ ಸಿ. ಅಶ್ವತ್ಥ್ ಅವರ 'ಕನ್ನಡವೇ ಸತ್ಯ' ನಡೆದಿತ್ತು. ಅಲ್ಲಿಯೂ ಜನಸಾಗರ. ಎರಡು ವರ್ಷದ ಅಂತರದಲ್ಲಿ ಅದೇ ಮಣ್ಣಿನ ಮೇಲೆ ಎರಡು ಬೆಂಗಳೂರುಗಳು ನಿಂತಿದ್ದವು. ಎರಡೂ ಒಂದನ್ನೊಂದು ಮುಖ ಎತ್ತಿ ನೋಡಲಿಲ್ಲ. ನನ್ನ ತಕರಾರು ಇರುವುದು ಇಲ್ಲೇ.

2010–2013: ಯುರೋಪಿನ ದಾರಿ

2010ರಲ್ಲಿ ಕ್ರಿಪ್ಟೋಸ್ ಯುರೋಪ್ ಪ್ರವಾಸ ಮಾಡಿತು. ಯುರೋಪಿನಲ್ಲಿ ಪ್ರವಾಸ ಕಾರ್ಯಕ್ರಮಗಳನ್ನು ಕೊಟ್ಟ ಮೊದಲ ಭಾರತೀಯ ಮೆಟಲ್ ಬ್ಯಾಂಡ್ ಎಂದೇ ಅವರನ್ನು ಗುರುತಿಸಲಾಗುತ್ತದೆ. ಕೇಳಲು ಸೊಗಸು. ಆದರೆ ಹೀಗೆ ಹೊರಡುವುದೆಂದರೆ ಏನು, ಯೋಚಿಸಿ. ಷೆಂಗೆನ್ ವೀಸಾಕ್ಕೆ ಬ್ಯಾಂಕ್ ಖಾತೆಯ ವಿವರ, ಕೆಲಸದ ರಜೆ ಪತ್ರ. ವಿಮಾನದಲ್ಲಿ ಗಿಟಾರಿಗೆ ಹೆಚ್ಚುವರಿ ತೂಕದ ದುಡ್ಡು. ಪ್ರತಿ ರಾತ್ರಿ ಬೇರೆ ಊರು, ವ್ಯಾನಿನಲ್ಲೇ ನಿದ್ದೆ. ನೂರಿನ್ನೂರು ಜನರ ಕ್ಲಬ್ಬಿನಲ್ಲಿ ನುಡಿಸಿ, ಆಮೇಲೆ ಮೇಜು ಹಾಕಿ ಟೀ ಶರ್ಟ್ ಮಾರಿ ಮರುದಿನದ ಡೀಸೆಲ್ ಹೊಂದಿಸುವುದು. ಸಣ್ಣ ಬ್ಯಾಂಡ್‌ಗಳ ಪ್ರವಾಸ ಜಗತ್ತಿನ ಎಲ್ಲೆಡೆ ಇರುವುದೇ ಹೀಗೆ. ನಮ್ಮ ಪಾಸ್‌ಪೋರ್ಟಿಗೆ ಅದರ ಮೇಲೆ ಇನ್ನೊಂದಿಷ್ಟು ತೂಕ.

2012ರಲ್ಲಿ ಮೂರನೇ ಆಲ್ಬಂ 'ದಿ ಕಾಯಿಲ್ಸ್ ಆಫ್ ಅಪಾಲಿಯನ್'. ಇದರ 'ಮಾಸ್ಕ್ ಆಫ್ ಅನೂಬಿಸ್' ಹಾಡಿನಿಂದ ಬ್ಯಾಂಡಿನ ಹೆಸರು ದೂರ ಹೋಯಿತು. ಅದೇ ವರ್ಷ ವಾಕೆನ್ ಜೊತೆಗಿನ ನಂಟಿನಲ್ಲಿ 'ಬೆಂಗಳೂರು ಓಪನ್ ಏರ್' ಉತ್ಸವ ಶುರುವಾಯಿತು.

2013ರಲ್ಲಿ ವಾಕೆನ್. ಇಲ್ಲಿ ಲೆಕ್ಕ ಸರಿಯಾಗಿ ಹೇಳಬೇಕು. ಕ್ರಿಪ್ಟೋಸ್‌ಗೂ ಮೊದಲೇ, 2011ರಲ್ಲಿ, ಬೆಂಗಳೂರಿನದೇ ಎಕ್ಸೆಂಟ್ರಿಕ್ ಪೆಂಡುಲಂ ಎಂಬ ಬ್ಯಾಂಡ್ 'ಮೆಟಲ್ ಬ್ಯಾಟಲ್' ಸ್ಪರ್ಧೆಯ ಭಾರತೀಯ ಸುತ್ತು ಗೆದ್ದು ವಾಕೆನ್‌ನಲ್ಲಿ ನುಡಿಸಿತ್ತು. ಕ್ರಿಪ್ಟೋಸ್ ಹೋದದ್ದು ಸ್ಪರ್ಧಿಯಾಗಿ ಅಲ್ಲ, ಆಹ್ವಾನಿತ ಬ್ಯಾಂಡ್ ಆಗಿ. 2017ರಲ್ಲಿ ಮತ್ತೆ ಕರೆ ಬಂತು. 'ಭಾರತದಿಂದ ಬಂದವರು' ಎಂಬ ಕುತೂಹಲಕ್ಕೆ ಒಂದು ಸಲ ಕರೆಯಬಹುದು. ಎರಡನೇ ಸಲ ಕರೆಯುವುದು ಹಾಡಿಗೆ.

ಬೇವಾರ್ಸಿ ಎಂಬ ಉಪಕಥೆ

ಇಷ್ಟು ವರ್ಷ ಬದುಕಿದ ಬ್ಯಾಂಡಿನಲ್ಲಿ ಜನ ಬರುತ್ತಾರೆ, ಹೋಗುತ್ತಾರೆ. ಡ್ರಮ್ಸ್‌ಗೂ ಬೇಸ್‌ಗೂ ಹಲವರು ಬಂದು ಹೋದರು. ಗಾಯನವನ್ನು ಮುಂದೆ ನೋಲನ್ ಲೂಯಿಸ್ ಅವರೇ ಗಿಟಾರಿನ ಜೊತೆಗೆ ವಹಿಸಿಕೊಂಡರು. ಅವರ ಜೊತೆ ಎರಡನೇ ಗಿಟಾರಿಗೆ ರೋಹಿತ್ ಚತುರ್ವೇದಿ ಗಟ್ಟಿಯಾಗಿ ನಿಂತರು. ಇವತ್ತಿನ ಕ್ರಿಪ್ಟೋಸ್ ಸದ್ದು ಅಂದರೆ ಹೆಚ್ಚಾಗಿ ಈ ಇಬ್ಬರ ಗಿಟಾರ್.

ಸ್ಥಾಪಕರಲ್ಲಿ ಇನ್ನೊಬ್ಬರಾದ ಗಣೇಶ್ ಕೃಷ್ಣಸ್ವಾಮಿ ಮುಂದೆ ಗಾಯಕರಾಗಿ ಕಾಣಿಸಿಕೊಂಡದ್ದು 'ಬೆವರ್ ಸೀ' ಎಂಬ ಬ್ಯಾಂಡಿನಲ್ಲಿ. 2012ರಲ್ಲಿ ಮೊದಲ ಆಲ್ಬಂ, 2015ರಲ್ಲಿ ಎರಡನೆಯದು. ಇಂಗ್ಲಿಷಿನಲ್ಲಿ ಬರೆದಾಗ ಯಾವುದೋ ಸಮುದ್ರದ ಹೆಸರಿನ ಹಾಗೆ ಕಾಣುತ್ತದೆ. ಜೋರಾಗಿ ಓದಿ ನೋಡಿ. ಕನ್ನಡಿಗರಿಗೆ ನಗು ಬರುತ್ತದೆ: ಬೇವಾರ್ಸಿ! ಬಸ್‌ಸ್ಟ್ಯಾಂಡಿನ ಬೈಗುಳ.

ಈ ಪದ ನಮಗೆ ಬಂದದ್ದು ಪಾರಸಿ, ಉರ್ದು ದಾರಿಯಿಂದ. 'ಬೇ' ಅಂದರೆ ಇಲ್ಲದ, 'ವಾರಿಸ್' ಅಂದರೆ ಹಕ್ಕುದಾರ. ವಾರಸುದಾರರಿಲ್ಲದ್ದು, ಹೇಳೋರು ಕೇಳೋರು ಇಲ್ಲದ್ದು. ಬೆಂಗಳೂರು ಮೆಟಲ್ ತನಗೆ ತಾನೇ ಇಟ್ಟುಕೊಂಡ ಹೆಸರುಗಳಲ್ಲಿ ಇದಕ್ಕಿಂತ ನಿಜವಾದದ್ದು ಇಲ್ಲ ಅಂತ ನನಗನ್ನಿಸುತ್ತದೆ. ಹಾಡು ಇಂಗ್ಲಿಷಿನಲ್ಲಿ, ಹೆಸರು ಮಾತ್ರ ಅಪ್ಪಟ ಬೆಂಗಳೂರು ಕನ್ನಡದಲ್ಲಿ.

2016ರಿಂದ ಇತ್ತ: ಕಡಿಮೆ ಮಾತು, ನೇರ ಏಟು

ನಾಲ್ಕನೇ ಆಲ್ಬಂ 'ಬರ್ನ್ ಅಪ್ ದ ಸ್ಕೈ' 2016ರಲ್ಲಿ ಜರ್ಮನಿಯ ಎಎಫ್‌ಎಂ ರೆಕಾರ್ಡ್ಸ್ ಮೂಲಕ ಬಂತು. ಮೆಟಲ್ ಕೇಳುವ ಯುರೋಪಿಗೆ ಪರಿಚಿತ ಕಂಪನಿ ಅದು. ಅಲ್ಲಿಂದ 'ಆಫ್ಟರ್‌ಬರ್ನರ್' (2019), 'ಫೋರ್ಸ್ ಆಫ್ ಡೇಂಜರ್' (2021), 'ಡೆಸಿಮೇಟರ್' (2024) ಎಲ್ಲವೂ ಅದೇ ಕಂಪನಿಯಿಂದ.

ಈ ನಾಲ್ಕರಲ್ಲಿ ಬ್ಯಾಂಡ್ ಒಂದು ಗಟ್ಟಿ ತೀರ್ಮಾನ ಮಾಡಿದ್ದು ಕೇಳಿಸುತ್ತದೆ. ಉದ್ದದ ಹಾಡು, ಸುತ್ತಿ ಬಳಸುವ ರಚನೆ ಎಲ್ಲ ಹೋಯಿತು. ನಾಲ್ಕೈದು ನಿಮಿಷದ ಹಾಡು, ಮೊದಲ ಸಲಕ್ಕೇ ನೆನಪಿಗೆ ಕೂರುವ ರಿಫ್, 80ರ ದಶಕದ ಜೂಡಸ್ ಪ್ರೀಸ್ಟ್, ಆಕ್ಸೆಪ್ಟ್ ಬ್ಯಾಂಡ್‌ಗಳ ನೇರ ನಡಿಗೆ. ವಸ್ತು ಪುರಾಣ, ಕತ್ತಲೆಯಿಂದ ವೇಗ, ರಸ್ತೆ, ಎಂಜಿನ್ ಕಡೆಗೆ ಹೊರಳಿತು. 'ಫುಲ್ ಥ್ರಾಟಲ್' ಎಂಬ ಹೆಸರೇ ಸಾಕು. ಸಾಮಾನ್ಯವಾಗಿ ವಯಸ್ಸಾದ ಹಾಗೆ ಬ್ಯಾಂಡ್‌ಗಳು ಜಟಿಲವಾಗುತ್ತವೆ. ಇವರು ಸರಳವಾದರು.

'ಬೆಳವಣಿಗೆಯೇ ಇಲ್ಲ, ನಲವತ್ತು ವರ್ಷ ಹಿಂದಿನ ಸದ್ದನ್ನೇ ನುಡಿಸುತ್ತಾರೆ' ಎಂಬ ಟೀಕೆ ಇದೆ. ಅದರಲ್ಲಿ ಸತ್ಯವೂ ಇದೆ. ಹೊಸದನ್ನು ಹುಡುಕುವವರಿಗೆ ಕ್ರಿಪ್ಟೋಸ್ ಉತ್ತರವಲ್ಲ. ಅವರದು ಒಂದು ಹಳೆಯ ಕಸುಬನ್ನು ಚೊಕ್ಕವಾಗಿ ಮಾಡುವವರ ಹಟ.

'ಲೈವ್ ಬ್ಯಾಂಡ್ ಮೇಲೆ ದಾಳಿ'

ಈಗ ರಾಜಕೀಯಕ್ಕೆ ಬರೋಣ.

ಕನ್ನಡ ಪತ್ರಿಕೆಗಳಲ್ಲಿ 'ಲೈವ್ ಬ್ಯಾಂಡ್' ಎಂಬ ಪದ ಯಾವಾಗ ಬರುತ್ತಿತ್ತು ನೆನಪಿದೆಯಾ? 'ಲೈವ್ ಬ್ಯಾಂಡ್ ಮೇಲೆ ಪೊಲೀಸ್ ದಾಳಿ, ಇಷ್ಟು ಯುವತಿಯರ ರಕ್ಷಣೆ'. ಅಂದರೆ ನಮ್ಮ ಭಾಷೆಯಲ್ಲಿ ಲೈವ್ ಬ್ಯಾಂಡ್ ಎಂದರೆ ಬಾರಿನ ಕುಣಿತ. ಗಿಟಾರ್ ಹಿಡಿದವನಿಗೆ ಕನ್ನಡದಲ್ಲಿ ಪದವೇ ಉಳಿದಿರಲಿಲ್ಲ.

ಇದು ಬರೀ ಪದದ ಸಮಸ್ಯೆಯಲ್ಲ. 1963ರ ಕರ್ನಾಟಕ ಪೊಲೀಸ್ ಕಾಯ್ದೆಯಡಿ 2005ರಲ್ಲಿ ಬೆಂಗಳೂರಿಗೆ ಸಾರ್ವಜನಿಕ ಮನರಂಜನಾ ಸ್ಥಳಗಳ ಪರವಾನಗಿ ಆದೇಶ ಬಂತು. ಡಿಸ್ಕೊ, ಕ್ಯಾಬರೆ, ಲೈವ್ ಬ್ಯಾಂಡ್ ಎಲ್ಲವೂ ಅದರ ವ್ಯಾಪ್ತಿಗೆ. ಹೋಟೆಲ್ ಮಾಲೀಕರು ಪ್ರಶ್ನಿಸಿದರು. 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ಎತ್ತಿಹಿಡಿಯಿತು. ಅದೇ ವರ್ಷ ಪೊಲೀಸರು ಬಿಗಿ ಮಾಡಿದಾಗ ಬೆಂಗಳೂರಿನ ಎಷ್ಟೋ ಪಬ್‌ಗಳು ಲೈವ್ ಸಂಗೀತವನ್ನೇ ನಿಲ್ಲಿಸಿದವು. ಗುರಿ ಬೇರೆಯೇ ಇತ್ತು; ಏಟು ಬಿದ್ದದ್ದು ಶುಕ್ರವಾರ ರಾತ್ರಿ ನುಡಿಸಿ ತಿಂಗಳ ಬಾಡಿಗೆ ಹೊಂದಿಸುವ ಸಂಗೀತಗಾರರಿಗೂ. ಬಾರಿನಲ್ಲಿ ಕುಣಿದು ಹೊಟ್ಟೆ ಹೊರೆಯುತ್ತಿದ್ದ ಹೆಣ್ಣುಮಕ್ಕಳ ಜೀವನದ ಪ್ರಶ್ನೆಯಂತೂ 'ರಕ್ಷಣೆ' ಎಂಬ ಒಂದು ಪದದಲ್ಲಿ ಮುಗಿದುಹೋಗುತ್ತಿತ್ತು.

ಕರಾವಳಿಯವರಾದ ನಮಗೆ ಇದು ದೂರದ ಕಥೆ ಅನ್ನಿಸಬಾರದು. 2000ರ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ವರ್ಷಕ್ಕೆ ಹೆಚ್ಚೆಂದರೆ 15 ದಿನ, ಅದೂ ಮಧ್ಯರಾತ್ರಿ 12ರವರೆಗೆ, ಸರ್ಕಾರ ಸಡಿಲಿಕೆ ಕೊಡಬಹುದು. 2022ರಲ್ಲಿ ಧ್ವನಿವರ್ಧಕದ ಗಲಾಟೆ ಎದ್ದದ್ದು ಮಸೀದಿಗಳ ಆಜಾನ್ ಗುರಿಯಾಗಿಟ್ಟುಕೊಂಡು. ನಿಯಮ ಬಿಗಿಯಾದಾಗ ಅದು ಬಂದು ತಾಗಿದ್ದು ಯಕ್ಷಗಾನಕ್ಕೆ. ಅದೇ ವರ್ಷದ ಕೊನೆಗೆ ಕಟೀಲು ಮೇಳಗಳು ಇಡೀ ರಾತ್ರಿಯ ಆಟ ಬಿಟ್ಟು ಕಾಲಮಿತಿಗೆ ಹೊರಳಿದವು. ಸದ್ದಿನ ಕಾನೂನನ್ನು ಇನ್ನೊಬ್ಬರ ಬಾಯಿ ಮುಚ್ಚಿಸಲು ಎತ್ತಿಕೊಂಡರೆ ಅದು ನಮ್ಮ ಚಂಡೆಯ ಮೇಲೂ ಕೂರುತ್ತದೆ. ಇದನ್ನು ನಮ್ಮ ಜಿಲ್ಲೆ ಕಣ್ಣಾರೆ ಕಂಡಿದೆ.

ಹಾಗಂತ ನಿದ್ದೆಯ ಹಕ್ಕು ಇಲ್ಲವೇ? ಇದೆ. ಆಸ್ಪತ್ರೆ ಪಕ್ಕದಲ್ಲಿ ಯಾವ ಆಂಪ್ಲಿಫೈಯರ್ ಕೂಡ ಬೇಡ. ನನ್ನ ಪ್ರಶ್ನೆ ಇಷ್ಟೇ: ನಿಯಮ ಎಲ್ಲರಿಗೂ ಒಂದೇ ಆಗಿದ್ದರೆ ಯಾರ ಸದ್ದು 'ಸಂಸ್ಕೃತಿ', ಯಾರದ್ದು 'ಉಪದ್ರ' ಅಂತ ತೀರ್ಮಾನಿಸುವವರು ಯಾರು? ನಾನು ಓದಿದ ಒಂದು ಕಾಲೇಜಿನ ವಾರ್ಷಿಕೋತ್ಸವದಲ್ಲಿ ನಮ್ಮ ಹುಡುಗರ ಬ್ಯಾಂಡ್ ಎರಡನೇ ಹಾಡಿಗೆ ಬರುವಾಗಲೇ ಕರೆಂಟ್ ತೆಗೆದರು. 'ಸಮಯ ಆಯ್ತು' ಅಂದರು. ಆಮೇಲೆ ಮುಖ್ಯ ಅತಿಥಿಯ ಭಾಷಣ ಅದೇ ಮೈಕಿನಲ್ಲಿ ಮುಕ್ಕಾಲು ಗಂಟೆ ನಡೆಯಿತು.

ಯಾರಿಗೆ ಸಿಕ್ಕಿತು ಗಿಟಾರ್?

ಈಗ ಬರ್ಮಿಂಗ್‌ಹ್ಯಾಮ್ ಮಾತಿಗೆ ವಾಪಸ್. ಅಲ್ಲಿ ಕಾರ್ಖಾನೆ ಹುಡುಗರು ಕಟ್ಟಿದ ಸಂಗೀತ ಇಲ್ಲಿ ಬಂದಿಳಿದದ್ದು ಇಂಗ್ಲಿಷ್ ಬಲ್ಲ ಮಧ್ಯಮ ವರ್ಗದ ಮನೆಗಳಿಗೆ. ಎಲೆಕ್ಟ್ರಿಕ್ ಗಿಟಾರ್, ಆಂಪ್, ಡ್ರಮ್ ಸೆಟ್, ಸದ್ದು ಹೊರ ಹೋಗದ ಅಭ್ಯಾಸದ ಕೋಣೆ, ಇವಕ್ಕೆಲ್ಲ ದುಡ್ಡು ಬೇಕು. ಪೀಣ್ಯದ ಕಾರ್ಖಾನೆಯ ಹುಡುಗನಿಗೂ ನಮ್ಮ ಬ್ರಹ್ಮಾವರದ, ಎಂದೋ ಬಾಗಿಲು ಮುಚ್ಚಿದ ಸಕ್ಕರೆ ಕಾರ್ಖಾನೆಯ ಕಾರ್ಮಿಕರ ಮಕ್ಕಳಿಗೂ ಅದು ಕೈಗೆಟುಕುವ ವಸ್ತುವಾಗಿರಲಿಲ್ಲ. ವೇದಿಕೆಯ ಮೇಲೆ ಹೆಣ್ಣುಮಕ್ಕಳು ಬೆರಳೆಣಿಕೆ. ಜಾತಿಯ ಮಾತು ಬಂದರೆ ಈ ಲೋಕದಲ್ಲಿ ಮೌನ. ಅಧಿಕಾರದ ವಿರುದ್ಧ ಕಿರುಚುವ ಸಂಗೀತ ತನ್ನ ನೆಲದ ಅಧಿಕಾರದ ಬಗ್ಗೆ ಇಷ್ಟು ಸುಮ್ಮನಿರುವುದು ನನಗೆ ಇವತ್ತಿಗೂ ಒಗ್ಗಿಲ್ಲ. ಕ್ರಿಪ್ಟೋಸ್ ಕೂಡ ಇದಕ್ಕೆ ಹೊರತಲ್ಲ. ಅವರು ರಾಜಕೀಯದ ಬ್ಯಾಂಡ್ ಅಲ್ಲ, ಹಾಗೆಂದು ಹೇಳಿಕೊಂಡವರೂ ಅಲ್ಲ.

ಆದರೆ ಇನ್ನೊಂದು ಬದಿಯೂ ಇದೆ. ಇದೊಂದು ಪೋಷಕರಿಲ್ಲದ ಕಲೆ. ಮಂದಾರ್ತಿಯ ಹರಕೆ ಆಟಕ್ಕೆ ವರ್ಷಗಟ್ಟಲೆ ಮುಂಗಡ ಬುಕ್ಕಿಂಗ್. ಸುಗಮ ಸಂಗೀತಕ್ಕೆ ಸರ್ಕಾರದ ವೇದಿಕೆ. ಯಕ್ಷಗಾನಕ್ಕೆ, ಸಂಗೀತ ನೃತ್ಯಕ್ಕೆ ಅಕಾಡೆಮಿ. ಅವೆಲ್ಲ ಇರಬೇಕು, ಇನ್ನೂ ಹೆಚ್ಚಬೇಕು. ಮೆಟಲ್‌ಗೆ ದೇವಸ್ಥಾನವಿಲ್ಲ, ಮಠವಿಲ್ಲ, ಇಲಾಖೆಯಿಲ್ಲ, ಸಿನಿಮಾ ಉದ್ಯಮವೂ ಬೆನ್ನಿಗಿಲ್ಲ. ಇದನ್ನು ನುಡಿಸುವವರಲ್ಲಿ ಬಹುತೇಕರು ಹಗಲು ಬೇರೆ ಕೆಲಸ ಮಾಡಿ, ಸಂಜೆ ಅಭ್ಯಾಸಕ್ಕೆ ಸೇರುವವರು. ಹಾಗಿದ್ದೂ ಕಾಲು ಶತಮಾನ ದಾಟುವುದು ಸಣ್ಣ ಮಾತಲ್ಲ.

ಕನ್ನಡದಲ್ಲಿ ಯಾಕಿಲ್ಲ?

ಗೆಳೆಯರು ಕೇಳುವ ಮೊದಲ ಪ್ರಶ್ನೆ ಇದೇ. ಸರಿಯಾದ ಪ್ರಶ್ನೆ. ಜರ್ಮನಿಯ ರಾಮ್‌ಸ್ಟೈನ್ ಜರ್ಮನ್‌ನಲ್ಲೇ ಹಾಡಿ ಜಗತ್ತು ಗೆದ್ದಿತು. ಬ್ರೆಜಿಲಿನ ಸೆಪುಲ್ಟುರಾ 1996ರ 'ರೂಟ್ಸ್' ಆಲ್ಬಂಗಾಗಿ ಶವಾಂಟೆ ಆದಿವಾಸಿಗಳ ಊರಿಗೆ ಹೋಗಿ ಅವರ ಜೊತೆ ಧ್ವನಿಮುದ್ರಿಸಿತು. ದೆಹಲಿಯ ಬ್ಲಡಿವುಡ್ ಹಿಂದಿ, ಪಂಜಾಬಿಯಲ್ಲಿ ಢೋಲು ಬಡಿದುಕೊಂಡು ಹಾಡುತ್ತಾ 2019ರಲ್ಲಿ ವಾಕೆನ್ ಮುಟ್ಟಿತು. ಇವತ್ತು ಜಗತ್ತಿಗೆ ಭಾರತೀಯ ಮೆಟಲ್ ಅಂದರೆ ಮೊದಲು ನೆನಪಾಗುವುದು ಅವರೇ. ಕೇರಳದ ಅವಿಯಲ್ 2008ರಲ್ಲೇ ಮಲಯಾಳಂ ರಾಕ್ ಮಾಡಿತು. ಬೆಂಗಳೂರಿನಲ್ಲೂ ರಘು ದೀಕ್ಷಿತ್, ಸ್ವರಾತ್ಮ ಕನ್ನಡದಲ್ಲಿ ಹಾಡಿದರು. ಅದು ಜಾನಪದ ರಾಕ್, ಮೆಟಲ್ ಅಲ್ಲ.

ಕ್ರಿಪ್ಟೋಸ್ ಈ ದಾರಿ ಹಿಡಿಯಲಿಲ್ಲ. ತಬಲ ಇಲ್ಲ, ಸಿತಾರ್ ಇಲ್ಲ, ದೇವರ ಚಿತ್ರದ ಮುಖಪುಟವೂ ಇಲ್ಲ. ಕೆಲವರಿಗೆ ಇದು ಬೇರು ಕಳೆದುಕೊಂಡ ಲಕ್ಷಣ. ನಾನೂ ಹಾಗೇ ಅಂದುಕೊಂಡಿದ್ದೆ. ಈಗ ಅಷ್ಟು ಖಚಿತವಾಗಿ ಹೇಳಲಾರೆ. ಯುರೋಪಿಗೆ ಹೋದ ಭಾರತೀಯನಿಂದ ಬಿಳಿಯರು ನಿರೀಕ್ಷಿಸುವುದು 'ಭಾರತೀಯತೆ'ಯ ಒಂದು ಪ್ರದರ್ಶನವನ್ನು. ಅದನ್ನು ಕೊಡದೆ 'ನಾವೂ ನಿಮ್ಮಂತೆಯೇ ಮೆಟಲ್ ನುಡಿಸುವವರು, ಕೇಳಿ' ಎಂದು ನಿಲ್ಲುವುದಕ್ಕೂ ಸ್ವಾಭಿಮಾನ ಬೇಕು. ನುಡಿಸುವವನ ಮೈಬಣ್ಣ ನೋಡಿ ಸಂಗೀತ ಹೇಗಿರಬೇಕೆಂದು ಹೇಳುವ ಹಕ್ಕು ಯಾರಿಗೂ ಇಲ್ಲ, ನಮಗೂ ಇಲ್ಲ.

ಆದರೂ ಕೊರತೆ ಕೊರತೆಯೇ. ಕನ್ನಡದ ಒತ್ತಕ್ಷರಗಳ ಪೆಟ್ಟು ಈ ಸಂಗೀತಕ್ಕೆ ಹೇಳಿ ಮಾಡಿಸಿದ ಹಾಗಿದೆ. ಕನ್ನಡದ ಕಿವಿಗೆ ಈ ಸದ್ದು ಹೊಸತೂ ಅಲ್ಲ. 2022ರಲ್ಲಿ ನಮ್ಮ ಕುಂದಾಪುರದ ಕೆರಾಡಿಯಲ್ಲಿ ಚಿತ್ರಿಸಿದ 'ಕಾಂತಾರ' ಬಂದಾಗ ಊರಿಗೆ ಊರೇ ತಲೆದೂಗಿದ 'ವರಾಹ ರೂಪಂ' ಹಾಡಿನ ಕೆಳಗೆ ಇದ್ದದ್ದು ಏನು? ಭಾರದ ಎಲೆಕ್ಟ್ರಿಕ್ ಗಿಟಾರ್. ಆ ಹಾಡು ತಮ್ಮ 'ನವರಸಂ' ನಕಲು ಎಂದು ಕೇರಳದ ತೈಕ್ಕುಡಂ ಬ್ರಿಜ್ ಆರೋಪಿಸಿ ಕೋರ್ಟಿಗೆ ಹೋಯಿತು, ಕೋಝಿಕ್ಕೋಡ್ ನ್ಯಾಯಾಲಯ ತಡೆ ಕೊಟ್ಟಿತ್ತು, ಸಂಗೀತ ನಿರ್ದೇಶಕ ಅಜನೀಶ್ ಲೋಕನಾಥ್ ಆರೋಪ ಅಲ್ಲಗಳೆದರು. ಆ ಜಗಳ ಏನೇ ಇರಲಿ, ನನ್ನ ಮಾವನಂಥವರು ಚಿತ್ರಮಂದಿರದಲ್ಲಿ ಡಿಸ್ಟಾರ್ಷನ್ ಗಿಟಾರಿಗೆ ಕೈಮುಗಿದದ್ದನ್ನು ನಾನು ನೋಡಿದ್ದೇನೆ. ದೈವದ ಜೊತೆ ಬಂದರೆ ಭಕ್ತಿ, ಹುಡುಗನ ಕೋಣೆಯಿಂದ ಬಂದರೆ ಬೊಬ್ಬೆ.

ಎಲ್ಲಿಂದ ಕೇಳಬೇಕು?

ಕ್ರಿಪ್ಟೋಸ್‌ನ ಆಲ್ಬಂಗಳು ಒಟ್ಟಿಗೆ:

- ಸ್ಪೈರಲ್ ಅಸೆಂಟ್ (2004)
- ದಿ ಆರ್ಕ್ ಆಫ್ ಜೆಮಿನೈ (2008)
- ದಿ ಕಾಯಿಲ್ಸ್ ಆಫ್ ಅಪಾಲಿಯನ್ (2012)
- ಬರ್ನ್ ಅಪ್ ದ ಸ್ಕೈ (2016)
- ಆಫ್ಟರ್‌ಬರ್ನರ್ (2019)
- ಫೋರ್ಸ್ ಆಫ್ ಡೇಂಜರ್ (2021)
- ಡೆಸಿಮೇಟರ್ (2024)

ಹೊಸಬರು 'ಬರ್ನ್ ಅಪ್ ದ ಸ್ಕೈ'ನಿಂದ ಶುರುಮಾಡಿ. ಅದು ಹಿಡಿಸಿದರೆ ಅಲ್ಲಿಂದ ಮುಂದಕ್ಕೆ ಹೋಗಿ. ಆಮೇಲೆ 2012ರದ್ದಕ್ಕೆ ಹಿಂದಿರುಗಿ. ಮೊದಲ ಎರಡನ್ನು ಕೊನೆಗೆ ಕೇಳಿ. ಎಲ್ಲಿಂದ ಎಲ್ಲಿಗೆ ಬಂದರು ಅಂತ ಆಗ ಗೊತ್ತಾಗುತ್ತದೆ.

ಕ್ರಿಪ್ಟೋಸ್ ಕಥೆಯಿಂದ ನಾನು ತೆಗೆದುಕೊಂಡದ್ದು ಗೆಲುವಿನ ಪಾಠವಲ್ಲ. ಅವರು ಶ್ರೀಮಂತರಾಗಲಿಲ್ಲ, ಮನೆಮಾತಾಗಲಿಲ್ಲ. ಯಾರೂ ಕೇಳದಿದ್ದರೂ, ಯಾರೂ ಕೊಡದಿದ್ದರೂ ಮಾಡುತ್ತಾ ಹೋದರು. ವಾಕೆನ್‌ನ ಆ ಇಬ್ಬರು ಹುಡುಗರಿಗೆ 1990ರಲ್ಲಿ ಸಿಕ್ಕಿದ್ದು ಒಂದು ಜಲ್ಲಿ ಹೊಂಡ, ಮತ್ತು ಅದರಲ್ಲಿ ಸದ್ದು ಮಾಡಲು ಬಿಟ್ಟ ಒಂದು ಊರು. ಕೊಯ್ಲು ಮುಗಿದ ಗದ್ದೆಯಲ್ಲಿ ಮೇಳದ ರಂಗಸ್ಥಳ ಏಳುವುದನ್ನು ನೋಡುತ್ತಾ ಬೆಳೆದ ನಮಗೆ ಇದು ಅರ್ಥವಾಗದ ವಿಷಯವಲ್ಲ. ಬ್ರಹ್ಮಾವರದಲ್ಲಿ ಜಲ್ಲಿ ಹೊಂಡಗಳೂ ಇವೆ, ಗದ್ದೆಗಳೂ ಇವೆ. ಸೆಕೆಂಡ್ ಹ್ಯಾಂಡ್ ಗಿಟಾರ್ ಕೊಂಡು ಯೂಟ್ಯೂಬ್ ನೋಡಿ ಕಲಿಯುತ್ತಿರುವ ಹುಡುಗ ಹುಡುಗಿಯರೂ ಈಗ ಇದ್ದಾರೆ. ಅವರು ಕುಂದಾಪ್ರ ಕನ್ನಡದಲ್ಲಿ ಬೊಬ್ಬೆ ಹಾಕುವ ದಿನ ಬಂದರೆ, ದಯವಿಟ್ಟು ಎರಡನೇ ಹಾಡಿಗೆ ಕರೆಂಟ್ ತೆಗೆಯಬೇಡಿ.